ಐರ್ಲೆಂಡಿನ ಹಸಿರು ಯಾಕೆ ಇಷ್ಟು ಖಾಲಿ?

ಇಲ್ಲಿ ಕೂತಿರುವವರಲ್ಲಿ ಸುಮಾರು ಜನರ ಮಗನೋ ಮಗಳೋ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾರೆ ಅಂತ ಆಗಲೇ ಕಾಫಿ ಕುಡಿಯುವಾಗ ಗೊತ್ತಾಯಿತು. ಬೇಸಿಗೆಗೆ ನೀವೂ ಹೊರಡುತ್ತೀರಿ. ಮಕ್ಕಳು ಒಂದು ಶನಿವಾರ ನಿಮ್ಮನ್ನು ಟೂರ್ ಬಸ್ ಹತ್ತಿಸುತ್ತಾರೆ. ಬೆಳಿಗ್ಗೆ ಏಳಕ್ಕೆ ಡಬ್ಲಿನ್ ಬಿಟ್ಟು, ದೇಶದ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ಓಡಿ, ಮೊಹರ್ ಕಡಿದಾದ ಬಂಡೆಗಳ ಮುಂದೆ ಫೋಟೊ ತೆಗೆಸಿಕೊಂಡು, ಗಾಲ್ವೇ ಊರಲ್ಲಿ ಒಂದು ಗಂಟೆ ಸುತ್ತಾಡಿ, ರಾತ್ರಿ ವಾಪಸ್. ಕಿಟಕಿಯಾಚೆ ಹಸಿರು, ಹಸಿರು, ಮತ್ತೂ ಹಸಿರು. ಆಮೇಲೆ ನಿದ್ದೆ.

ಮೊಹರ್ ಬಂಡೆಗಳು ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. 214 ಮೀಟರ್ ಎತ್ತರ, ಕೆಳಗೆ ಅಟ್ಲಾಂಟಿಕ್ ಸಮುದ್ರ, ಚೆನ್ನಾಗಿರದೆ ಏನು? ಆದರೆ ನೀವು ನಿದ್ದೆ ಮಾಡಿದ ಆ ದಾರಿಯೇ ನಿಜವಾದ ಐರ್ಲೆಂಡ್. ಇವತ್ತು ಅದರ ಬಗ್ಗೆ ಮಾತಾಡೋಣ.

ಒಂದು ಅಂದಾಜಿಗೆ ಹೇಳುತ್ತೇನೆ. ಇಡೀ ಐರ್ಲೆಂಡ್ ದ್ವೀಪ, ಈಗ ಬ್ರಿಟನ್ನಿಗೆ ಸೇರಿದ ಉತ್ತರದ ಭಾಗವೂ ಸೇರಿ, ಸುಮಾರು 84 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. 1841ರ ಜನಗಣತಿಯಲ್ಲಿ ಅಲ್ಲಿ ಸುಮಾರು 82 ಲಕ್ಷ ಜನ ಇದ್ದರು. ಈಗ ಎರಡೂ ಭಾಗ ಸೇರಿಸಿದರೆ 70 ಲಕ್ಷದ ಆಸುಪಾಸು. ಪ್ರಪಂಚದ ಎಲ್ಲ ಕಡೆ ಜನಸಂಖ್ಯೆ ಎಷ್ಟೋ ಪಟ್ಟು ಬೆಳೆದ ಈ ಕಾಲದಲ್ಲಿ, 180 ವರ್ಷದ ಹಿಂದೆ ಇದ್ದಷ್ಟು ಜನ ಇವತ್ತಿಗೂ ಅಲ್ಲಿಲ್ಲ. ಪಶ್ಚಿಮದ ಮೇಯೊ ಜಿಲ್ಲೆಯನ್ನೇ ತಗೊಳ್ಳಿ. 1841ರಲ್ಲಿ ಸುಮಾರು 3.89 ಲಕ್ಷ ಜನ. 2022ರಲ್ಲಿ ಸುಮಾರು 1.38 ಲಕ್ಷ. ನೀವು ಬಸ್ಸಿನಿಂದ ನೋಡಿ 'ಎಷ್ಟು ಪ್ರಶಾಂತವಾಗಿದೆ' ಅನ್ನುವ ಆ ಬಯಲು ಹಾಗೆ ಪ್ರಶಾಂತ ಆಗಿದ್ದು ಹೇಗೆ ಅಂತ ಕೇಳಿಕೊಂಡರೆ ಪ್ರವಾಸದ ರುಚಿಯೇ ಬೇರೆ ಆಗುತ್ತದೆ.

ಶುರು ಮಾಡಲು ನಾನು ಹೇಳುವ ಊರು ಕಿಲ್ಕೆನಿ. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಿಂದ ರೈಲಲ್ಲಿ ಒಂದೂವರೆ ಗಂಟೆ. ಊರು ಚಿಕ್ಕದು, ನಡೆದೇ ನೋಡಬಹುದು. ಒಂದು ತುದಿಗೆ ಕೋಟೆ, ಇನ್ನೊಂದು ತುದಿಗೆ ಸೇಂಟ್ ಕ್ಯಾನಿಸ್ ಚರ್ಚು, ಮಧ್ಯೆ ಮಧ್ಯಯುಗದ ಪೇಟೆ ಬೀದಿ. ಪಕ್ಕದಲ್ಲಿ ಸಂದಿಗೊಂದಿಗಳು. ಅದರಲ್ಲಿ ಒಂದರ ಹೆಸರು ಬಟರ್ ಸ್ಲಿಪ್. ಹಿಂದೆ ಅಲ್ಲಿ ಬೆಣ್ಣೆ ಮಾರುತ್ತಿದ್ದರು. ಬಿಸಿಲೇ ಬೀಳದ ಕಲ್ಲಿನ ಓಣಿ. ಬೆಣ್ಣೆ ಕರಗಬಾರದಲ್ಲ, ಜಾಗ ಸರಿಯಾಗಿಯೇ ಆರಿಸಿದ್ದಾರೆ.

ಕೋಟೆಯನ್ನು ಬಟ್ಲರ್ ಮನೆತನದವರು 1391ರಲ್ಲಿ ಕೊಂಡುಕೊಂಡರು. ಐದು ಶತಮಾನಕ್ಕೂ ಹೆಚ್ಚು ಕಾಲ ಅವರದೇ ದರ್ಬಾರು. 1935ರ ಹೊತ್ತಿಗೆ ಖರ್ಚು ತೂಗಿಸಲಾಗದೆ ಸಾಮಾನುಗಳನ್ನೆಲ್ಲ ಹರಾಜು ಹಾಕಿ ಹೊರಟುಹೋದರು. 1967ರಲ್ಲಿ ಇಡೀ ಕೋಟೆಯನ್ನು ಊರಿನ ಸಮಿತಿಗೆ 50 ಪೌಂಡಿಗೆ ಕೊಟ್ಟರು. ಹೌದು, ಐವತ್ತೇ. ಮಾಳಿಗೆ ಸೋರುವ ಕೋಟೆಯನ್ನು ಯಾರಾದರೂ ತಗೊಂಡರೆ ಸಾಕಾಗಿತ್ತು ಅಂತ ಕಾಣುತ್ತದೆ.

ಇದೇ ಊರಲ್ಲಿ 1366ರಲ್ಲಿ ಒಂದು ಕಾನೂನು ಮಾಡಿದರು. ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಐರಿಶ್ ಜನರನ್ನು ಮದುವೆ ಆಗಬಾರದು, ಐರಿಶ್ ಮಾತಾಡಬಾರದು, ಹರ್ಲಿಂಗ್ ಆಡಬಾರದು. ಹರ್ಲಿಂಗ್ ಅಂದರೆ ಕೋಲು ಹಿಡಿದು ಚೆಂಡು ಬಾರಿಸುವ ಅವರ ಹಳೇ ಆಟ. ಬಂದವರು ಇಲ್ಲಿಯವರ ಜೊತೆ ಕಲೆತುಹೋಗುತ್ತಿದ್ದಾರೆ ಅನ್ನುವುದೇ ಇಂಗ್ಲಿಷ್ ಸರ್ಕಾರದ ಚಿಂತೆ. ಕಾನೂನು ಏನಾಯಿತು ಅಂತೀರಾ? ಇವತ್ತು ಅಖಿಲ ಐರ್ಲೆಂಡ್ ಹರ್ಲಿಂಗ್ ಕಪ್ಪನ್ನು ಅತಿ ಹೆಚ್ಚು ಸಲ, 36 ಬಾರಿ, ಗೆದ್ದ ಜಿಲ್ಲೆ ಕಿಲ್ಕೆನಿ. ಬೀದಿಯಲ್ಲಿ ಹುಡುಗರು ಕಪ್ಪು ಹಳದಿ ಪಟ್ಟೆಯ ಅಂಗಿ ಹಾಕಿಕೊಂಡು ಕೈಯಲ್ಲಿ ಕೋಲು ಹಿಡಿದೇ ಓಡಾಡುತ್ತಾರೆ.

ಇನ್ನೊಂದು ಕತೆ ಅಷ್ಟು ತಮಾಷೆಯದಲ್ಲ. ಆಲಿಸ್ ಕೈಟ್ಲರ್ ಅಂತ ಒಬ್ಬ ಸಾಹುಕಾರ್ತಿ. ಬಡ್ಡಿ ವ್ಯವಹಾರದ ಮನೆತನ, ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಗಂಡಂದಿರು. 1324ರಲ್ಲಿ ಅಲ್ಲಿನ ಬಿಷಪ್ ಅವಳ ಮೇಲೆ ಮಾಟದ ಆರೋಪ ಹೊರಿಸಿದ. ದುಡ್ಡಿದ್ದ ಆಲಿಸ್ ತಪ್ಪಿಸಿಕೊಂಡಳು. ಸಿಕ್ಕಿಬಿದ್ದವಳು ಅವಳ ಮನೆಕೆಲಸದ ಹೆಂಗಸು ಪೆಟ್ರೊನಿಲ್ಲ. ಅವಳನ್ನು ಚಾಟಿಯಲ್ಲಿ ಹೊಡೆದು, ಆ ವರ್ಷ ನವೆಂಬರ್ 3ರಂದು ಜೀವಂತ ಸುಟ್ಟರು. ಆಲಿಸ್ ಹೆಸರಲ್ಲಿ ಈಗಲೂ ಅಲ್ಲಿ ಒಂದು ದೊಡ್ಡ ಪಬ್ ಇದೆ, ಬಾಗಿಲಲ್ಲೇ ಮಾಟಗಾತಿಯ ಬೊಂಬೆಗಳು. ಗೈಡ್‌ಗಳು ನಗುನಗುತ್ತಾ ಕತೆ ಹೇಳುತ್ತಾರೆ. ನನಗೇನೋ ಅಲ್ಲಿ ನಗು ಬರುವುದಿಲ್ಲ.

ಊರಿನ ಕೊನೆಯ ಜಾಗ ಯಾವ ಪೋಸ್ಟ್‌ಕಾರ್ಡಿನಲ್ಲೂ ಇರುವುದಿಲ್ಲ. ರೈಲ್ವೇ ಸ್ಟೇಷನ್ ಪಕ್ಕದಲ್ಲಿ ಒಂದು ಶಾಪಿಂಗ್ ಮಾಲ್ ಇದೆ, ಮ್ಯಾಕ್‌ಡೊನಾ ಜಂಕ್ಷನ್. ಬಟ್ಟೆ ಅಂಗಡಿ, ಕಾಫಿ ಅಂಗಡಿ, ಎಲ್ಲ ಕಡೆ ಇರುವಂಥದ್ದೇ. ಆದರೆ ಕಟ್ಟಡದ ಒಂದು ಭಾಗ ಬೂದು ಕಲ್ಲಿನ ಹಳೇ ಗೋಡೆ. ಅದು ಬಡವರನ್ನು ಇಡುತ್ತಿದ್ದ ವರ್ಕ್‌ಹೌಸ್. 2005ರ ಹೊತ್ತಿಗೆ ಮಾಲ್ ಕಟ್ಟಲು ನೆಲ ಅಗೆದಾಗ ಸಾಮೂಹಿಕ ಗುಂಡಿಗಳು ಸಿಕ್ಕವು. ತೆಗೆದು ಎಣಿಸಿದಾಗ 970ಕ್ಕೂ ಹೆಚ್ಚು ಜನರ ಮೂಳೆಗಳು. ಅರ್ಧಕ್ಕೂ ಹೆಚ್ಚು ಮಕ್ಕಳು. ಎಲ್ಲರೂ ಆಲೂಗಡ್ಡೆ ಬರಗಾಲದಲ್ಲಿ ಸತ್ತವರು.

ಈ ಬರಗಾಲವನ್ನು ಒಂದಿಷ್ಟು ವಿವರವಾಗಿ ಹೇಳಲೇಬೇಕು. ಇದು ಗೊತ್ತಿಲ್ಲದಿದ್ದರೆ ಐರ್ಲೆಂಡಿನ ಹಳ್ಳಿಗಾಡು ನಿಮಗೆ ಅರ್ಥ ಆಗುವುದಿಲ್ಲ.

ಅಲ್ಲಿ ಜಮೀನೆಲ್ಲ ಒಡೆಯರದು. ಎಷ್ಟೋ ಜನ ಆ ಒಡೆಯರು ಇರುತ್ತಿದ್ದದ್ದು ಲಂಡನ್ನಿನಲ್ಲಿ. ಗೇಣಿ ಕಟ್ಟಲು ರೈತ ಗೋಧಿ, ಓಟ್ಸ್, ಹಂದಿ ಮಾರುತ್ತಿದ್ದ. ತಾನು ಉಣ್ಣಲು ಇದ್ದ ಚೂರು ಜಾಗದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ. ಕಲ್ಲು ನೆಲದಲ್ಲೂ ಬರುವ ಬೆಳೆ, ಒಂದು ಎಕರೆಯಲ್ಲಿ ಒಂದು ಸಂಸಾರ ಬದುಕುತ್ತಿತ್ತು. ಬಡವರು ಹೆಚ್ಚಾಗಿ ಬೆಳೆಯುತ್ತಿದ್ದದ್ದು ಲಂಪರ್ ಅನ್ನುವ ಒಂದೇ ತಳಿ. ಗೆಡ್ಡೆ ಕತ್ತರಿಸಿ ನೆಡುವ ಬೆಳೆ ಆದ್ದರಿಂದ ಎಲ್ಲ ಗಿಡವೂ ಒಂದೇ ಅಚ್ಚು. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. 1845ರಲ್ಲಿ ಬಂದ ರೋಗ ಯಾವುದು ಗೊತ್ತಾ? ಹಾಸನದ ಕಡೆಯವರು ಯಾರಾದರೂ ಇದ್ದರೆ ನಿಮಗೆ ಪರಿಚಯದ ಹೆಸರು: ಅಂಗಮಾರಿ. ಮೋಡ ಮುಚ್ಚಿ ಸೋನೆ ಹಿಡಿದ ವಾರದಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ ಬಂದು, ನೋಡ ನೋಡುತ್ತಿದ್ದಂತೆ ಹೊಲಕ್ಕೆ ಹೊಲವೇ ಕೊಳೆತು ನಾರುವ ಅದೇ ರೋಗ, ಅದೇ ರೋಗಾಣು. ಹಾಸನದ ರೈತರಿಗೆ ಈಗ ಔಷಧಿ ಇದೆ, ಆದರೂ ನಷ್ಟ ತಪ್ಪಿಲ್ಲ. ಅವರಿಗೆ ರೋಗ ಏನು ಅಂತಲೇ ಗೊತ್ತಿರಲಿಲ್ಲ.

ರೋಗ ಪ್ರಕೃತಿಯದು, ಸರಿ. ಸಾವು ಅಷ್ಟೂ ಪ್ರಕೃತಿಯದಲ್ಲ. 1847ರ ಬೇಸಿಗೆಯಲ್ಲಿ, ಆಗ ಐರ್ಲೆಂಡನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರ ಗಂಜಿ ಕೇಂದ್ರ ತೆರೆದು ದಿನಕ್ಕೆ 30 ಲಕ್ಷ ಜನರಿಗೆ ಊಟ ಹಾಕಿತು. ಅಂದರೆ ಮಾಡಬೇಕು ಅಂದರೆ ಮಾಡಲು ಆಗುತ್ತಿತ್ತು. ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿದರು. ಕಾಲು ಎಕರೆಗಿಂತ ಜಾಸ್ತಿ ಜಮೀನು ಇದ್ದವರಿಗೆ ನೆರವಿಲ್ಲ ಅಂತ ನಿಯಮ ತಂದರು. ಮಕ್ಕಳಿಗೆ ಗಂಜಿ ಬೇಕು ಅಂದರೆ ಹೊಲ ಬಿಡಬೇಕು. ಬಿಟ್ಟವರ ಮನೆಯ ಮಾಡು ಕಿತ್ತುಹಾಕಿದರು. ಅಷ್ಟೆಲ್ಲ ಆಗುವಾಗಲೂ ಬಂದರಿನಿಂದ ಧಾನ್ಯ, ಬೆಣ್ಣೆ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಅವರು ಬಿಟ್ಟ ಹೊಲಗಳು ಒಂದಾಗಿ ದನ ಕುರಿ ಮೇಯುವ ಹುಲ್ಲುಗಾವಲು ಆದವು. ಆ ಹುಲ್ಲುಗಾವಲೇ ನಿಮ್ಮ ಫೋಟೊದ ಹಸಿರು.

ಒಂದು ಮಾತು ಸೇರಿಸಿಬಿಡುತ್ತೇನೆ. ಆ ಬರಗಾಲಕ್ಕೆ ಮೊದಮೊದಲು ಹಣ ಕೂಡಿಸಿ ಕಳಿಸಿದ ಊರುಗಳಲ್ಲಿ ನಮ್ಮ ಕಲ್ಕತ್ತಾ ಒಂದು. ಅಲ್ಲಿ ಕಂಪನಿಯ ಸೈನ್ಯದಲ್ಲಿ ಐರಿಶ್ ಸಿಪಾಯಿಗಳು ಬಹಳ ಇದ್ದರು.

ಈಗ ಪಶ್ಚಿಮಕ್ಕೆ ಹೋಗೋಣ. ಮೇಯೊ ಜಿಲ್ಲೆಯ ವೆಸ್ಟ್‌ಪೋರ್ಟ್ ತಂಗಲು ಒಳ್ಳೇ ಊರು. 18ನೇ ಶತಮಾನದಲ್ಲಿ ನಕ್ಷೆ ಹಾಕಿ ಕಟ್ಟಿದ ಪೇಟೆ, ಮಧ್ಯದಲ್ಲಿ ಹೊಳೆ, ಎರಡು ಬದಿ ಮರಗಳ ಸಾಲು. ಡಬ್ಲಿನ್‌ನಿಂದ ರೈಲೂ ಇದೆ. ಹತ್ತಿರದಲ್ಲಿ ಕ್ರೋ ಪ್ಯಾಟ್ರಿಕ್ ಬೆಟ್ಟ, 764 ಮೀಟರ್. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹರಕೆ ಹೊತ್ತು ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಮೇಲಿನ ಭಾಗ ಪೂರ್ತಿ ಜಾರುವ ಜಲ್ಲಿಕಲ್ಲು. ಮೊಣಕಾಲು ನೋವಿರುವವರು ಕೆಳಗೇ ನಿಂತು ಕೈಮುಗಿಯಿರಿ, ಸಾಕು.

ವೆಸ್ಟ್‌ಪೋರ್ಟ್‌ನಿಂದ ಅಕಿಲ್ ದ್ವೀಪಕ್ಕೆ ಹೋಗಿ. ಸೇತುವೆ ಇದೆ, ಕಾರಿನಲ್ಲೇ ಹೋಗಬಹುದು. ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಒಂದು ಪಾಳು ಹಳ್ಳಿ. ಎಂಬತ್ತರಿಂದ ನೂರು ಮನೆಗಳು, ಸೂರಿಲ್ಲದ ಕಲ್ಲುಗೋಡೆಗಳು, ಉದ್ದಕ್ಕೆ ಸಾಲಾಗಿ. ಒಂದು ಮನೆಯ ಒಳಗೆ ಹೋಗಿ ನಿಲ್ಲಿ. ಒಂದೇ ಕೋಣೆ. ಒಂದು ಕಡೆ ಜನ, ಇನ್ನೊಂದು ಕಡೆ ದನ. ಈ ಹಳ್ಳಿ ಖಾಲಿ ಆಗಲು ಬರಗಾಲ ಒಂದೇ ಕಾರಣ ಅಲ್ಲ, ಒಕ್ಕಲೆಬ್ಬಿಸಿದ್ದು, ವಲಸೆ ಎಲ್ಲ ಸೇರಿದೆ. ಬೇಸಿಗೆಯಲ್ಲಿ ದನ ಮೇಯಿಸಲು ಬಂದವರು ಆಮೇಲೂ ಎಷ್ಟೋ ವರ್ಷ ಈ ಮನೆಗಳಲ್ಲಿ ತಂಗುತ್ತಿದ್ದರು.

ಮನೆಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸುತ್ತಲಿನ ನೆಲ. ಮಧ್ಯಾಹ್ನ ನೋಡಿದರೆ ಬರೀ ಹುಲ್ಲು. ಸಂಜೆ ಸೂರ್ಯ ಕೆಳಗಿಳಿದು ಬೆಳಕು ಅಡ್ಡ ಬಿದ್ದಾಗ ನೋಡಿ. ಇಡೀ ಇಳಿಜಾರಿನಲ್ಲಿ ಉದ್ದುದ್ದ ಗೆರೆಗಳು ಎದ್ದು ಕಾಣುತ್ತವೆ, ಒಂದು ಉಬ್ಬು, ಒಂದು ತಗ್ಗು. ಅವು ಆಲೂಗಡ್ಡೆಯ ಏರುಮಡಿಗಳು. ಸಮುದ್ರದಿಂದ ಪಾಚಿ ಹೊತ್ತು ತಂದು, ಗುದ್ದಲಿಯಲ್ಲಿ ಮಣ್ಣು ಮಗುಚಿ ಮಾಡಿದ್ದು. ಕೊನೆಯ ಬೆಳೆ ತೆಗೆದ ಮೇಲೆ ಯಾರೂ ಉಳಲಿಲ್ಲ, ಹಾಗಾಗಿ ಗೆರೆ ಅಳಿಯಲಿಲ್ಲ. ಒಂದು ಸಲ ಕಣ್ಣಿಗೆ ಅಭ್ಯಾಸ ಆದರೆ ಪಶ್ಚಿಮದ ಎಲ್ಲ ಬೆಟ್ಟಗಳಲ್ಲೂ ಕಾಣಿಸುತ್ತವೆ. ಈಗ ಕುರಿ ಕೂಡ ಹತ್ತಲು ಯೋಚಿಸುವ ಎತ್ತರದಲ್ಲೂ ಇವೆ. ಅಷ್ಟು ಮೇಲಕ್ಕೆ ಹೋಗಿ ಬೆಳೆಯಬೇಕಾಗಿತ್ತು ಅಂದರೆ ಕೆಳಗೆ ಎಷ್ಟು ಜನ ಇದ್ದಿರಬೇಕು, ಯೋಚಿಸಿ.

ಅದೇ ಜಿಲ್ಲೆಯ ಲೂಯಿಸ್‌ಬರ್ಗ್‌ನಿಂದ ಲೀನಾನ್ ಕಡೆ ಹೋಗುವ ರಸ್ತೆಯೂ ತಪ್ಪಿಸಬೇಡಿ. ಎರಡು ಬೆಟ್ಟದ ನಡುವೆ ಡೂಲಾಕ್ ಅನ್ನುವ ಕಪ್ಪು ನೀರಿನ ಸರೋವರ. 1849ರ ಮಾರ್ಚಿನಲ್ಲಿ ಹಸಿದ ನೂರಾರು ಜನರಿಗೆ, ನೆರವು ಬೇಕಾದರೆ ಹತ್ತೊಂಬತ್ತು ಕಿಲೋಮೀಟರ್ ಆಚೆಯ ಬಂಗಲೆಗೆ ಬಂದು ಅಧಿಕಾರಿಗಳ ಮುಂದೆ ನಿಲ್ಲಿ ಅಂತ ಹೇಳಿದರು. ಜನ ಮಳೆ ಗಾಳಿಯಲ್ಲಿ ನಡೆದರು. ಹೋದ ಮೇಲೆ ಇಲ್ಲ ಅಂದರು. ವಾಪಸ್ ಬರುವಾಗ ದಾರಿಯಲ್ಲೇ ಎಷ್ಟೋ ಜನ ಸತ್ತರು. ಅಲ್ಲೊಂದು ಸಾದಾ ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ಅದರ ಮೇಲೆ ಇರುವುದು ಗಾಂಧೀಜಿಯ ಮಾತು: ತನ್ನಂಥ ಮನುಷ್ಯರನ್ನು ಅವಮಾನಿಸಿ ಮನುಷ್ಯ ತನಗೆ ಗೌರವ ಬಂತು ಅಂದುಕೊಳ್ಳುವುದು ಹೇಗೆ ಅಂತ. ಗಾಂಧಿ ಹೆಸರನ್ನು ಅಂಥ ಕಡೆ, ಮನುಷ್ಯರೇ ಕಾಣದ ರಸ್ತೆಬದಿಯಲ್ಲಿ ಓದುವುದು ಬೇರೆಯೇ ಅನುಭವ.

ಮೇಯೊ ಉತ್ತರ ತೀರದಲ್ಲಿ ಕೇಜ಼ಾ ಹೊಲಗಳು ಅಂತ ಇವೆ, ಅದೂ ಖಾಲಿಯಾದ ನೆಲವೇ, ಆದರೆ ಐದು ಸಾವಿರ ವರ್ಷ ಹಿಂದೆ! ಐರ್ಲೆಂಡಿನಲ್ಲಿ ಬಾಗ್ ಅಂತ ಕರೆಯುವ ಜವುಗು ನೆಲ ಇದೆ. ಸತ್ತ ಪಾಚಿ ಹುಲ್ಲು ನೀರಲ್ಲಿ ಕೊಳೆಯದೆ ಪದರ ಪದರವಾಗಿ ಬೆಳೆದದ್ದು. ಅದನ್ನು ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಾರೆ. 1930ರ ದಶಕದಲ್ಲಿ ಒಬ್ಬ ಶಾಲಾ ಮಾಸ್ತರರು, ಪ್ಯಾಟ್ರಿಕ್ ಕಾಲ್‌ಫೀಲ್ಡ್, ಹೀಗೆ ಕೊಯ್ಯುವಾಗ ತಳದಲ್ಲಿ ಕಲ್ಲಿನ ರಾಶಿ ಇರುವುದನ್ನು ಗಮನಿಸಿದರು. ಸುಮ್ನೆ ಬಿದ್ದ ಕಲ್ಲಲ್ಲ, ಸಾಲಾಗಿವೆ. ಬಾಗ್ ಮೇಲಿದೆ, ಗೋಡೆ ಕೆಳಗಿದೆ, ಅಂದರೆ ಗೋಡೆ ಮೊದಲು. ಅವರ ಮಗ ಶೇಮಸ್ ಮುಂದೆ ಪುರಾತತ್ವ ಓದಿ ಬಂದು, ಉದ್ದ ಕಬ್ಬಿಣದ ಸಲಾಕೆಯನ್ನು ಮೆತ್ತಗಿನ ಬಾಗ್‌ಗೆ ಚುಚ್ಚಿ ಚುಚ್ಚಿ, ಎಲ್ಲಿ ಕಲ್ಲು ತಗಲುತ್ತದೋ ಅಲ್ಲಿ ಗುರುತು ಇಟ್ಟು, ಅಗೆಯದೆಯೇ ಕಿಲೋಮೀಟರುಗಟ್ಟಲೆ ಹೊಲದ ಗೋಡೆಗಳ ನಕ್ಷೆ ಮಾಡಿದರು. ಇವತ್ತು ನೀವು ಹೋದರೆ ನಿಮ್ಮ ಕೈಗೂ ಸಲಾಕೆ ಕೊಟ್ಟು ಚುಚ್ಚಿ ತೋರಿಸುತ್ತಾರೆ. ಟಕ್ ಅಂತ ತಗಲಿದಾಗ ಮಜಾ ಬರುತ್ತದೆ.

ಪಶ್ಚಿಮದ ಕೆಲವು ಭಾಗಗಳಲ್ಲಿ ರಸ್ತೆ ಬೋರ್ಡುಗಳಲ್ಲಿ ಇಂಗ್ಲಿಷ್ ಇರುವುದಿಲ್ಲ, ಬರೀ ಐರಿಶ್. ಬೇರೆ ಕಡೆ ಎರಡೂ ಇರುತ್ತವೆ. ಬರಗಾಲದ ಹೊಡೆತ ಜಾಸ್ತಿ ಬಿದ್ದದ್ದು ಐರಿಶ್ ಮಾತಾಡುವ ಬಡವರ ಮೇಲೇ, ಹಾಗಾಗಿ ಜನರ ಜೊತೆ ಭಾಷೆಯೂ ಹೋಯಿತು. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ನಮಗೆ ಐರಿಶ್ ಬರುತ್ತದೆ ಅಂದರು. ಶಾಲೆಯ ಹೊರಗೆ ದಿನಾ ಮಾತಾಡುವವರು ಮಾತ್ರ 72 ಸಾವಿರದಷ್ಟು. ಇಲ್ಲಿ ನನಗೆ ಜೇಮ್ಸ್ ಕಸಿನ್ಸ್ ನೆನಪಾಗುತ್ತಾರೆ. ಸುಮಾರು ನೂರು ವರ್ಷದ ಹಿಂದೆ ಮೈಸೂರಿಗೆ ಬಂದಿದ್ದ ಐರಿಶ್ ಕವಿ, ಬೆಲ್‌ಫಾಸ್ಟ್‌ನವರು. ಇಂಗ್ಲಿಷಿನಲ್ಲಿ ಕವನ ಬರೆದುಕೊಂಡು ತೋರಿಸಲು ಬಂದ ಕುಪ್ಪಳಿಯ ಹುಡುಗನಿಗೆ, ನಿಮ್ಮ ಭಾಷೆಯಲ್ಲಿ ಯಾಕೆ ಬರೆಯಬಾರದು ಅಂತ ಕೇಳಿದವರು ಅವರೇ. ಕುವೆಂಪು ಕನ್ನಡಕ್ಕೆ ತಿರುಗಿದ ಆ ಕತೆ ನಿಮಗೆಲ್ಲ ಗೊತ್ತು. ಕಸಿನ್ಸ್ ತಾವು ಬರೆದದ್ದು ಇಂಗ್ಲಿಷಿನಲ್ಲೇ. ತನ್ನ ನಾಡಿನ ಭಾಷೆಗೆ ಏನಾಯಿತು ಅಂತ ನೋಡಿದವರಿಗೇ ಆ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದು ಅಂತ ನನಗೆ ಅನ್ನಿಸುತ್ತದೆ.

ಗಾಲ್ವೇ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಾಡು, ಪಿಟೀಲು, ಬಣ್ಣದ ಅಂಗಡಿಗಳು, ಎಲ್ಲ ಇದೆ. ಆದರೆ ಕನ್ನಡದವರಿಗೆ ಅದು ಸವಿತಾ ಹಾಲಪ್ಪನವರ್ ತೀರಿಹೋದ ಊರೂ ಹೌದು. ಬೆಳಗಾವಿಯ ಹುಡುಗಿ, ಹಲ್ಲಿನ ಡಾಕ್ಟರು. 2012ರ ಅಕ್ಟೋಬರಿನಲ್ಲಿ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ, ಕಾನೂನಿನ ಕಾರಣಕ್ಕೆ ಗರ್ಭಪಾತ ಮಾಡದೆ, ನಂಜು ಏರಿ ಸತ್ತಳು. ವಯಸ್ಸು 31. ದೇಶದ ತುಂಬ ಜನ ಬೀದಿಗೆ ಬಂದರು. 2018ರ ಮೇ 25ರಂದು ಮತ ಹಾಕಿ, ಮೂರರಲ್ಲಿ ಎರಡು ಪಾಲು ಜನ ಆ ಕಾನೂನನ್ನು ಸಂವಿಧಾನದಿಂದಲೇ ತೆಗೆದರು. ಐರ್ಲೆಂಡಿನಲ್ಲಿ ನೀವು ಭಾರತದ ಯಾವ ಕಡೆಯವರು ಅಂತ ಯಾರಾದರೂ ಕೇಳಿದಾಗ ಕರ್ನಾಟಕ ಅಂದರೆ, ಕೆಲವರು ಸವಿತಾ ಹೆಸರು ಹೇಳುತ್ತಾರೆ.

ಗಾಲ್ವೇ ದಕ್ಷಿಣಕ್ಕೆ ಬರೆನ್. ಇಲ್ಲಿ ಮಾತ್ರ ಹಸಿರಿಲ್ಲ, ಕಣ್ಣು ಹಾಯುವಷ್ಟು ದೂರ ಬೂದು ಸುಣ್ಣಕಲ್ಲಿನ ಹಾಸು, ನಡುನಡುವೆ ಬಿರುಕು. ಬೇರೆ ಕಡೆ ದನಗಳನ್ನು ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊಡೆಯುತ್ತಾರೆ, ಚಳಿಗೆ ಕೆಳಗಿಳಿಸುತ್ತಾರೆ. ಬರೆನ್‌ನಲ್ಲಿ ತಿರುಗಾಮುರುಗಾ, ಚಳಿಗಾಲದಲ್ಲೇ ಮೇಲೆ ಹತ್ತಿಸುತ್ತಾರೆ. ಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಬಿರುಕಿನಲ್ಲಿ ಇಳಿದುಹೋಗಿ ಮಲಗಲು ಒಣ ಜಾಗ ಸಿಗುತ್ತದೆ. ದನ ಒಣಹುಲ್ಲನ್ನೆಲ್ಲ ಮೇಯ್ದು ಕೆಳಗಿಳಿದ ಮೇಲೆ, ಬಿರುಕುಗಳ ಮಣ್ಣಿಗೆ ಬೆಳಕು ಬಿದ್ದು ಮೇ ತಿಂಗಳಲ್ಲಿ ಹೂವು ಕಿಕ್ಕಿರಿಯುತ್ತದೆ. ದನ ತೆಗೆದರೆ ಪೊದೆ ಬೆಳೆದು ಹೂವು ಮಾಯ. ಪ್ರಕೃತಿ ಉಳಿಸಲು ರೈತರಿಗೆ ದನ ಮೇಯಿಸುವುದಕ್ಕೇ ಹಣ ಕೊಡುತ್ತಾರೆ ಅಲ್ಲಿ.

ಹೊಲದ ಗೋಡೆಗಳನ್ನೂ ಹತ್ತಿರ ಹೋಗಿ ನೋಡಿ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು, ಸಂದಿನಲ್ಲಿ ಆಕಾಶ ಕಾಣುತ್ತದೆ. ಗಾಳಿ ತೂರಿಹೋಗಲಿ ಅಂತಲೇ ಆ ಸಂದು, ಇಲ್ಲದಿದ್ದರೆ ಅಟ್ಲಾಂಟಿಕ್ ಗಾಳಿಗೆ ಗೋಡೆ ಬೀಳುತ್ತದೆ. ಎಷ್ಟೋ ಹೊಲಕ್ಕೆ ಗೇಟೇ ಇಲ್ಲ. ದನ ದಾಟಿಸಲು ನಾಲ್ಕು ಕಲ್ಲು ಇಳಿಸುತ್ತಾರೆ, ದಾಟಿದ ಮೇಲೆ ಮತ್ತೆ ಪೇರಿಸುತ್ತಾರೆ. 2024ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಐರ್ಲೆಂಡಿನ ಈ ಕಲೆಯೂ ಸೇರಿತು.

ಹೊಲದ ನಡುವೆ ಒಂಟಿಯಾಗಿ ಒಂದು ಹಾಥಾರ್ನ್ ಮುಳ್ಳುಮರ ಕಂಡರೆ, ಟ್ರ್ಯಾಕ್ಟರ್ ಸುತ್ತು ಹಾಕಿ ಹೋಗಿದ್ದು ಕಂಡರೆ, ಆಶ್ಚರ್ಯ ಪಡಬೇಡಿ. ಅದು ಅವರ ಯಕ್ಷರ ಮರ, ನಮ್ಮ ನಾಗಬನದ ಹಾಗೆ, ಕಡಿಯುವ ಧೈರ್ಯ ಯಾರಿಗೂ ಇಲ್ಲ. 1999ರಲ್ಲಿ ಕ್ಲೇರ್ ಜಿಲ್ಲೆಯಲ್ಲಿ ಹೆದ್ದಾರಿ ದಾರಿಗೆ ಇಂಥದ್ದೇ ಒಂದು ಮರ ಅಡ್ಡ ಬಂತು. ಎಡ್ಡಿ ಲೆನಿಹನ್ ಅನ್ನುವ ಜನಪದ ಕತೆಗಾರರು ಪತ್ರಿಕೆಗೆ ಬರೆದು ಗಲಾಟೆ ಎಬ್ಬಿಸಿದರು. ಮರ ಉಳಿಯಿತು, ಹೆದ್ದಾರಿ ಪಕ್ಕದಲ್ಲಿ ಹೋಯಿತು. ನಂಬುತ್ತೀರಾ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕಡಿಯುತ್ತೀರಾ ಅಂದರೆ ಅದಕ್ಕೂ ಇಲ್ಲ.

ಇನ್ನು ಕೆಲಸಕ್ಕೆ ಬರುವ ನಾಲ್ಕು ಮಾತು. ಯುರೋಪಿನ ಎಷ್ಟೋ ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ, ವೀಸಾ ಬೇರೆ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ, ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾದಾಗಲೇ ದಾಟಿದ್ದು ಗೊತ್ತಾಗುವುದು. ಹಾಗಂತ ನಮ್ಮ ಪಾಸ್‌ಪೋರ್ಟಿನವರು ಸುಮ್ನೆ ದಾಟುವಂತಿಲ್ಲ. ವೀಸಾ ಮೇಲೆ ಬಿಐವಿಎಸ್ ಅನ್ನುವ ಗುರುತು ಇದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ನೋಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಇಳಿಯಬೇಕು. ಅದಿದ್ದರೆ ಉತ್ತರ ಐರ್ಲೆಂಡಿನ ಡೆರಿ ಊರಿಗೆ ಹೋಗಿ. 17ನೇ ಶತಮಾನದ ಊರಗೋಡೆ ಪೂರ್ತಿ ಉಳಿದಿದೆ, ಮೇಲೆ ನಡೆದು ಒಂದು ಸುತ್ತು ಬರಬಹುದು.

ಗಾಡಿ ಎಡಗಡೆಯೇ ಓಡಿಸುವುದು, ನಮಗೆ ಸುಲಭ. ಹಳ್ಳಿ ರಸ್ತೆ ಮಾತ್ರ ಒಂದೇ ಗಾಡಿಯ ಅಗಲ, ಎರಡು ಬದಿ ಬೇಲಿ, ನಡುವೆ ಹುಲ್ಲು ಬೆಳೆದಿರುತ್ತದೆ. ಎದುರಿನಿಂದ ಬಂದವರು ಸ್ಟೀರಿಂಗ್ ಮೇಲಿಂದ ಒಂದೇ ಬೆರಳು ಎತ್ತುತ್ತಾರೆ. ಅದು ನಮಸ್ಕಾರ, ನೀವೂ ಎತ್ತಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಹೊಲಗಳೆಲ್ಲ ಖಾಸಗಿ, ಎಲ್ಲಿ ಬೇಕೋ ಅಲ್ಲಿ ನುಗ್ಗಲು ಹಕ್ಕಿಲ್ಲ. ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಪಬ್‌ನಲ್ಲಿ ತರಕಾರಿ ಸೂಪು, ಸೋಡಾ ಬ್ರೆಡ್ಡು, ಬೆಣ್ಣೆ ಸಿಕ್ಕೇ ಸಿಗುತ್ತದೆ, ಬೆಣ್ಣೆಯಂತೂ ಅಮೋಘ. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದಾರಾ ಅಂತ ಒಂದು ಸಲ ಕೇಳಿಕೊಳ್ಳಿ. ಹಳ್ಳಿಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತದೆ, ನಮ್ಮ ಊಟದ ಹೊತ್ತಿಗೆ ಹೋದರೆ ಚಿಪ್ಸ್ ಪೊಟ್ಟಣವೇ ಗತಿ.

ಕೊನೆಗೆ ಒಬ್ಬರು ಕೇಳಿದರು, ಯಾವ ತಿಂಗಳು ಒಳ್ಳೆಯದು ಅಂತ. ಮೇ ಅಥವಾ ಸೆಪ್ಟೆಂಬರ್. ಮೇನಲ್ಲಿ ಹಾಥಾರ್ನ್ ಬಿಳಿ ಹೂ ಬಿಟ್ಟಿರುತ್ತದೆ, ಬರೆನ್ ಹೂವೂ ಆಗಲೇ, ರಾತ್ರಿ ಒಂಬತ್ತರವರೆಗೂ ಬೆಳಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಆದರೂ ಡಿಸೆಂಬರಿನಲ್ಲೇ ಹೋಗುತ್ತೇನೆ ಅನ್ನುವವರಿದ್ದರೆ ಡಬ್ಲಿನ್ ಉತ್ತರಕ್ಕೆ ನ್ಯೂಗ್ರೇಂಜ್ ಇದೆ. ಐದು ಸಾವಿರ ವರ್ಷಕ್ಕೂ ಹಳೆಯ ಗೋರಿ, ಡಿಸೆಂಬರ್ 21ರ ಆಸುಪಾಸಿನ ದಿನಗಳಲ್ಲಿ ಮಾತ್ರ ಬೆಳಗಿನ ಸೂರ್ಯ ಬಾಗಿಲ ಮೇಲಿನ ಕಿಂಡಿಯಿಂದ ಒಳಕೋಣೆಗೆ ಬರುತ್ತಾನೆ, ಹದಿನೇಳು ನಿಮಿಷ ಇರುತ್ತಾನೆ. ಒಳಗೆ ನಿಲ್ಲಲು ಲಾಟರಿ ಎತ್ತುತ್ತಾರೆ. ಗೆದ್ದರೂ ಮೋಡ ಕವಿದರೆ ಏನೂ ಕಾಣುವುದಿಲ್ಲ, ಅಲ್ಲಿ ಮೋಡ ಕವಿಯುವುದೇ ಜಾಸ್ತಿ. ಕೊಡೆ ತಗೊಂಡು ಹೋಗಬೇಡಿ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್‌ಕೋಟ್ ತಗೊಳ್ಳಿ.